ತೂಕವೆಂಬ ಆಕರ: ಬಾಲ್ಯದಲ್ಲಿ ಅರ್ಬುದರೋಗದಿಂದ ಪಾರಾದವರ ದೇಹಭಾರವನ್ನು ಕುರಿತ ಬರವಣಿಗೆಗಳ ವಿಮರ್ಶೆ

ಇತಿಹಾಸದ ಅಧ್ಯಾಪಕನೊಬ್ಬನು ವೈದ್ಯಶಾಸ್ತ್ರದ ಪ್ರಬಂಧಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ರೋಗನಿದಾನವಾಗಲಿ ಚಿಕಿತ್ಸೆಯಾಗಲಿ ನನ್ನ ಅಧಿಕಾರಕ್ಕೆ ಸೇರಿದ ವಿಷಯಗಳಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಪ್ರಬಂಧವು ಯಾವ ಶಾಸ್ತ್ರದ್ದೇ ಆಗಿರಲಿ, ಅದು ಆಧರಿಸಿ ನಿಂತಿರುವ ಅಂಕಿಗಳು ಒಂದು ಬಗೆಯ ದಾಖಲೆಗಳೇ ಸರಿ. ದಾಖಲೆಯನ್ನು ಯಾರು ಬರೆದರು, ಯಾವಾಗ ಬರೆದರು, ಏತಕ್ಕಾಗಿ ಬರೆದರು, ಏನನ್ನು ಬರೆಯದೆ ಬಿಟ್ಟರು ಎಂದು ಕೇಳುವುದು ನಮ್ಮ ಕಸಬು. ಈ ಪ್ರಶ್ನೆಗಳನ್ನು ಒಂದು ತಾಮ್ರಪಟಕ್ಕೆ ಹಾಕಬಹುದಾದರೆ ಒಬ್ಬ ಮನುಷ್ಯನ ತೂಕಕ್ಕೂ ಹಾಕಬಹುದು.

ಲೇಖನಕ್ಕೆ ನಿಮಿತ್ತವಾದುದು ತರಗತಿಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಧಾತು ಮತ್ತು ಈಶ್ವರ ಸಂವತ್ಸರಗಳ ಬರಗಾಲವನ್ನು, ಎಂದರೆ 1876-78ರ ಕ್ಷಾಮವನ್ನು, ಪಾಠ ಹೇಳುತ್ತಿದ್ದೆ. 1877ರ ಮೊದಲಲ್ಲಿ ಸರ್ ರಿಚರ್ಡ್ ಟೆಂಪಲ್ ಸಾಹೇಬರು ಬರಪರಿಹಾರದ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಷ್ಟಿಷ್ಟು ಕಾಸು ಸಾಕೆಂದು ಗೊತ್ತುಪಡಿಸಿದುದನ್ನೂ, ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷರು ಅದನ್ನು ಬಲವಾಗಿ ವಿರೋಧಿಸಿದುದನ್ನೂ ವಿವರಿಸಿ, ಆ ಕಾಲದಲ್ಲಿ ನಮ್ಮ ಜನರನ್ನು ಕ್ರಮವಾಗಿ ತೂಗಿ ಬರೆದಿಟ್ಟ ಸ್ಥಳವೆಂದರೆ ಸೆರೆಮನೆಯೇ ಎಂದೆ. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಬಳಿಗೆ ಬಂದು, ತನ್ನನ್ನೂ ಚಿಕ್ಕಂದಿನಲ್ಲಿ ಹಾಗೆಯೇ ತೂಗುತ್ತಿದ್ದರೆಂದೂ ಆಮೇಲೆ ಯಾರೂ ತೂಗಲಿಲ್ಲವೆಂದೂ ಹೇಳಿದ. ಐದನೆಯ ವಯಸ್ಸಿನಲ್ಲಿ ಅವನಿಗೆ ರಕ್ತದ ಅರ್ಬುದರೋಗವಾಗಿತ್ತು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಒಂದರವನು ಎಂದಷ್ಟು ಹೇಳಿದರೆ ಸಾಕು. ಮರುದಿನ ತಂದು ತೋರಿಸಿದ ಕಡತದಲ್ಲಿ ಚಿಕಿತ್ಸೆ ನಡೆದ ಕಾಲದ ತೂಕಗಳು ಸಾಲಾಗಿದ್ದುವು. ಔಷಧದ ಪ್ರಮಾಣವನ್ನು ಗೊತ್ತುಮಾಡಲು ಮಗುವಿನ ತೂಕ ಬೇಕೇ ಬೇಕು. ಔಷಧ ನಿಂತಿತು, ತೂಕವೂ ನಿಂತಿತು. ಈಗ ಅವನು ಇಪ್ಪತ್ತು ದಾಟಿದ, ಸ್ವಲ್ಪ ಗಿಡ್ಡನೆಯ, ಸೊಂಟದ ಸುತ್ತ ಮೈ ಬಂದ ಯುವಕ. ಅವನ ತಾಯಿಯನ್ನು ಒಮ್ಮೆ ಕಂಡಾಗ ಆಕೆ ಹೇಳಿದ ಮಾತು: “ಈಗ ಮೈ ತುಂಬಿ ಬಂದಾನ ನೋಡ್ರಿ ಸರ್, ಅಗದಿ ಆರಾಮ ಆಗ್ಯಾನ.” ಮೈ ತುಂಬುವುದು ಆರಾಮದ ಲಕ್ಷಣವೆಂಬ ಈ ನಂಬಿಕೆಗೂ ನಾನು ಮುಂದೆ ವಿಮರ್ಶಿಸಲಿರುವ ಪ್ರಬಂಧಗಳಿಗೂ ನಡುವೆ ಇರುವ ಅಂತರವನ್ನು ತಿಳಿಯಬೇಕೆಂಬ ಆಸೆಯಿಂದಲೇ ಈ ವಾಚನ ಆರಂಭವಾಯಿತು.

ಮೊದಲು ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರರು ಅಮಿನೊಪ್ಟೆರಿನ್ ಎಂಬ ಔಷಧದಿಂದ ಮಕ್ಕಳ ರಕ್ತದ ಅರ್ಬುದವು ಕೆಲಕಾಲ ಹಿಮ್ಮೆಟ್ಟುವುದನ್ನು ಪ್ರಕಟಿಸಿದರು. ಆ ಔಷಧವು ಬಂದುದು ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು ನಡೆಸುತ್ತಿದ್ದ ಸಂಶೋಧನಾಲಯದಿಂದ ಎಂಬುದನ್ನು ನಮ್ಮವರು ನೆನೆಯುವುದು ಕಡಿಮೆ. 1960ರ ದಶಕದಲ್ಲಿ ಮೆಂಫಿಸ್ಸಿನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕಲ್ಲರು ಹಲವು ಔಷಧಗಳನ್ನು ಕೂಡಿಸಿ, ಮಿದುಳಿನಲ್ಲಿ ಅಡಗಿ ಕುಳಿತ ರೋಗವನ್ನು ನಾಶಮಾಡಲು ತಲೆಗೆ 24 ಗ್ರೇ ಪ್ರಮಾಣದ ವಿಕಿರಣವನ್ನು ಸೇರಿಸಿದರು. ಅಲ್ಲಿಯವರೆಗೆ ಬಹುಮಟ್ಟಿಗೆ ಸಾಯುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಉಳಿದುಕೊಂಡರು. ಉಳಿದವರು ಬೆಳೆದರು, ಬೆಳೆದ ಮೇಲೆ ಅವರಲ್ಲಿ ಅನೇಕರು ಗಿಡ್ಡರೂ ಸ್ಥೂಲಕಾಯರೂ ಆಗಿರುವುದು ವೈದ್ಯರ ಕಣ್ಣಿಗೆ ಬಿದ್ದಿತು. ಹಸಿವು ಮತ್ತು ತೃಪ್ತಿಗಳನ್ನು ನಿಯಂತ್ರಿಸುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗಕ್ಕೂ ಬೆಳವಣಿಗೆಯ ಹಾರ್ಮೋನಿಗೂ ವಿಕಿರಣದಿಂದ ಹಾನಿ ತಗಲುತ್ತದೆ. ಸ್ಟಿರಾಯ್ಡ್ ಔಷಧಗಳು ಮೈಯನ್ನು ಉಬ್ಬಿಸುತ್ತವೆ. ವಿನ್‌ಕ್ರಿಸ್ಟಿನ್ ಎಂಬ ಔಷಧ ಕಾಲಿನ ನರಗಳನ್ನು ದುರ್ಬಲಗೊಳಿಸುವುದರಿಂದ ಮಗು ಆಟಪಾಟಗಳಿಂದ ದೂರ ಸರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಹೊಟ್ಟೆಗೆ ಅಥವಾ ಇಡೀ ಮೈಗೆ ವಿಕಿರಣ ಪಡೆದವರಲ್ಲಿ ದೊಡ್ಡವರಾದ ಮೇಲೂ ಕೃಶತೆ ಉಳಿದುಬರುವುದುಂಟು.

ಈ ವಿಷಯದಲ್ಲಿ ಪದೇ ಪದೇ ಉದ್ಧರಿಸಲ್ಪಡುವ ಪ್ರಬಂಧವು 2003ರಲ್ಲಿ ಡಾ. ಕೆವಿನ್ ಓಫಿಂಗರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದುದು. 1970ರಿಂದ 1986ರ ವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ರೋಗಕ್ಕೆ ತುತ್ತಾಗಿ ಐದು ವರ್ಷ ಬದುಕಿ ಉಳಿದ ಮಕ್ಕಳನ್ನು 1994ರಿಂದ ಹಿಂಬಾಲಿಸಿಕೊಂಡು ಬಂದ ಒಂದು ದೊಡ್ಡ ಅಧ್ಯಯನದ ಭಾಗವದು. ರಕ್ತದ ಅರ್ಬುದದಿಂದ ಗುಣಹೊಂದಿದ 1,765 ಮಂದಿ ವಯಸ್ಕರನ್ನು 2,565 ಮಂದಿ ಒಡಹುಟ್ಟಿದವರೊಡನೆ ಅಲ್ಲಿ ಹೋಲಿಸಲಾಗಿದೆ. ತಲೆಗೆ 20 ಗ್ರೇ ಅಥವಾ ಹೆಚ್ಚಿನ ವಿಕಿರಣ ಪಡೆದ ಹೆಂಗಸರಲ್ಲಿ ಸ್ಥೂಲತೆಯ ಸಂಭವದ ಅನುಪಾತ 2.59, ಗಂಡಸರಲ್ಲಿ 1.86, ನಾಲ್ಕು ವರ್ಷದೊಳಗೆ ರೋಗಕ್ಕೆ ಸಿಕ್ಕಿ ಅಷ್ಟು ವಿಕಿರಣ ಪಡೆದ ಹೆಣ್ಣುಮಕ್ಕಳಲ್ಲಿ 3.81. ಬರಿಯ ಔಷಧದಿಂದ ಗುಣವಾದವರಲ್ಲಿ ಇಂಥ ಹೆಚ್ಚಳ ಕಾಣಲಿಲ್ಲ. ಕಾರಣವನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದ ಬರವಣಿಗೆ ವಿರಳ. ಎತ್ತರ ತೂಕಗಳನ್ನು ಆಯಾ ವ್ಯಕ್ತಿಗಳೇ ಪ್ರಶ್ನಪತ್ರಿಕೆಯಲ್ಲಿ ತುಂಬಿದ್ದು ಅದರ ದೌರ್ಬಲ್ಯ. ತನ್ನ ತೂಕವನ್ನು ಸ್ವಲ್ಪ ಇಳಿಸಿ ಹೇಳದ ಮನುಷ್ಯನು ಯಾವ ದೇಶದಲ್ಲಿದ್ದಾನೆ? ಆದರೂ ಒಡಹುಟ್ಟಿದವರೂ ಅದೇ ಪ್ರಶ್ನಪತ್ರಿಕೆಗೆ ಉತ್ತರ ಕೊಟ್ಟುದರಿಂದ ತಪ್ಪು ಎರಡು ಕಡೆಗೂ ಬಹುಮಟ್ಟಿಗೆ ಸಮನಾಗಿ ಹಂಚಿಹೋಗಿರಬೇಕು.

ನನ್ನ ಆಕ್ಷೇಪ ಇರುವುದು ಈ ಪ್ರಬಂಧದ ಮೇಲಲ್ಲ. ಅದನ್ನು ನಮ್ಮ ದೇಶದಲ್ಲಿ ಓದುವ ರೀತಿಯ ಮೇಲೆ. ಪಶ್ಚಿಮದಲ್ಲಿ ಈ ಮಕ್ಕಳ ತಲೆಗೆ ವಿಕಿರಣ ಕೊಡುವುದನ್ನು ಮೊದಲು 18 ಗ್ರೇಗೆ ಇಳಿಸಿದರು, ಆಮೇಲೆ ಬಹುಪಾಲು ಮಕ್ಕಳಿಗೆ ಕೈಬಿಟ್ಟರು. ಆದಕಾರಣ ಈ ಅಂಕಿಗಳು ಕಳೆದುಹೋದ ಕಾಲದವು, ಇನ್ನು ಅವುಗಳಿಂದ ಪ್ರಯೋಜನ ಕಡಿಮೆ, ಎಂಬ ಮಾತು ಇತ್ತೀಚಿನ ಬರವಣಿಗೆಗಳಲ್ಲಿ ಕಾಣುತ್ತದೆ. ಆದರೆ ಭಾರತದಲ್ಲಿ 1980ರ ದಶಕದ ನಡುವೆ ಮುಂಬಯಿ, ದಿಲ್ಲಿ, ಮದರಾಸುಗಳ ಆಸ್ಪತ್ರೆಗಳು ಕೈಕೊಂಡ ಎಂ.ಸಿ.ಪಿ. 841 ಎಂಬ ಚಿಕಿತ್ಸಾಕ್ರಮದಲ್ಲಿ ತಲೆಯ ವಿಕಿರಣ ಸೇರಿತ್ತು. ಆ ಕ್ರಮವು ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಒಂದೇ ಇಸವಿಯಲ್ಲಿ ಹುಟ್ಟಿದ ಮೆಂಫಿಸ್ಸಿನವನೂ ಹಿರೇಕೆರೂರಿನವನೂ ಪಂಚಾಂಗದ ಪ್ರಕಾರ ಸಮಕಾಲೀನರು, ಚಿಕಿತ್ಸೆಯ ಪ್ರಕಾರ ಅಲ್ಲ. ಅಲ್ಲಿಯವರಿಗೆ ಇತಿಹಾಸವಾದುದು ಇಲ್ಲಿಯ ಮೂವತ್ತು ನಲವತ್ತರ ವಯಸ್ಸಿನವರ ಮೈಯಲ್ಲಿ ಇಂದೂ ನಡೆದಿದೆ. ಕಾಲಗಣನೆಯ ಈ ತಪ್ಪನ್ನು ನಮ್ಮ ಬಿ.ಎ. ವಿದ್ಯಾರ್ಥಿಗಳು ಮಾಡಿದರೆ ಅಂಕ ಕಳೆಯುತ್ತೇವೆ.

ಇನ್ನು ನಮ್ಮ ದೇಶದ ಪ್ರಬಂಧಕ್ಕೆ ಬರುತ್ತೇನೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದ ಮಕ್ಕಳನ್ನು ನೋಡಿಕೊಳ್ಳಲೆಂದೇ 1991ರಲ್ಲಿ ಒಂದು ಚಿಕಿತ್ಸಾಲಯ ಆರಂಭವಾಯಿತು. ಅಲ್ಲಿಗೆ ಬಂದ 648 ಮಂದಿಯ ಪೋಷಣೆಯ ಸ್ಥಿತಿಯನ್ನು ಕುರಿತು ಡಾ. ಮಾಯಾ ಪ್ರಸಾದ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ವಿಷಯದಲ್ಲಿ ಆಸಕ್ತಿಯುಳ್ಳ ಪ್ರತಿಯೊಬ್ಬರೂ ಓದಬೇಕು. 648ರಲ್ಲಿ 177 ಮಂದಿ ಹದಿನೆಂಟು ದಾಟಿದವರು. ಅವರಲ್ಲಿ ಸ್ಥೂಲಕಾಯರು ಒಬ್ಬರೂ ಇಲ್ಲ. ಅಧಿಕ ತೂಕದವರು ಶೇಕಡಾ 8.5, ಸರಿಯಾದ ತೂಕದವರು 62.7, ಕೃಶರಾದವರು 28.8. ಅಮೆರಿಕದ ಚಿತ್ರವನ್ನು ತಲೆಕೆಳಗೆ ಮಾಡಿದಂತಿದೆ. ಲೇಖಕರು ಈ ಫಲಿತಾಂಶದಿಂದ ಉಬ್ಬಿಹೋಗಿಲ್ಲವೆಂಬುದು ಗಮನಾರ್ಹ. ಇದು ದೇಶದ ಸಾಮಾನ್ಯ ಪೋಷಣೆಯ ಕೊರತೆಯ ನೆರಳೋ ಅಥವಾ ನಮ್ಮ ರೋಗಿಗಳೇ ಬೇರೆ ಬಗೆಯವರೋ ತಿಳಿಯದೆಂದೂ, ರೋಗಕ್ಕೆ ಮುಂಚಿನ ತೂಕ ಮತ್ತು ಅದೇ ವಯಸ್ಸಿನ ಆರೋಗ್ಯವಂತರ ತೂಕ ಇವೆರಡೂ ಸಿಕ್ಕಿದರೆ ಮಾತ್ರ ಹೋಲಿಕೆಗೆ ಅರ್ಥ ಬರುವುದೆಂದೂ ಅವರೇ ಒಪ್ಪಿಕೊಂಡಿದ್ದಾರೆ. ಸಂಶೋಧಕರಿಗೆ ಭೂಷಣವಾದ ಮಾತು ಅದು.

ಆದರೆ ಆ ಮಾತಿನ ತೀವ್ರತೆ ಎಷ್ಟೆಂಬುದು ಪ್ರಬಂಧದಲ್ಲಿ ಸಾಕಷ್ಟು ಹೊರಪಟ್ಟಿಲ್ಲವೆಂದು ನನಗೆ ತೋರುತ್ತದೆ. ಒಂದು ಸರಳ ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯರಲ್ಲಿ ಕೃಶರಾದವರು 2005-06ರಲ್ಲಿ ಹೆಂಗಸರು ಶೇಕಡಾ 35.5, ಗಂಡಸರು 34.2. ಹತ್ತು ವರ್ಷಗಳ ಮೇಲೆ, 2015-16ರಲ್ಲಿ, ಅದೇ ಅಂಕಿಗಳು 22.9 ಮತ್ತು 20.2. ಮುಂಬಯಿಯ 28.8 ಎಂಬ ಸಂಖ್ಯೆಯನ್ನು ಮೊದಲ ಅಳತೆಗೋಲಿಗೆ ಹಿಡಿದರೆ, ಅರ್ಬುದರೋಗವನ್ನು ಗೆದ್ದವರು ಸಾಮಾನ್ಯ ಜನರಿಗಿಂತ ಮೈಗೂಡಿಕೊಂಡಿದ್ದಾರೆಂದು ಹೇಳಬೇಕಾಗುತ್ತದೆ; ಎರಡನೆಯದಕ್ಕೆ ಹಿಡಿದರೆ ಸೊರಗಿದ್ದಾರೆಂದು ಹೇಳಬೇಕಾಗುತ್ತದೆ. ಒಂದೇ ಸಂಖ್ಯೆ, ಎರಡು ವಿರುದ್ಧ ತೀರ್ಮಾನ. ಪೋಷಣೆಯಲ್ಲಿ ಇಷ್ಟು ವೇಗವಾಗಿ ಬದಲಾಗುತ್ತಿರುವ ದೇಶದಲ್ಲಿ ತೂಕದ ಅಂಕಿಯ ಪಕ್ಕದಲ್ಲಿ ತೂಗಿದ ವರ್ಷವನ್ನು ಕಾಣಿಸದೆ ಹೋದರೆ ಅದು ಕಾಲವಿಲ್ಲದ ಶಾಸನದಂತೆ. ಅಂಥ ಶಾಸನವನ್ನು ನಾವು ಲಿಪಿಯ ಆಧಾರದಿಂದಾದರೂ ಕಾಲಕ್ಕೆ ಹೊಂದಿಸುತ್ತೇವೆ. ತೂಕಕ್ಕೆ ಲಿಪಿಯೂ ಇಲ್ಲ.

ಅಳತೆಯ ಉಪಕರಣವನ್ನು ಕುರಿತೂ ಎರಡು ಮಾತು ಹೇಳಬೇಕು. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸುವ ಪದ್ಧತಿಯು ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞನು 1830ರ ದಶಕದಲ್ಲಿ ಜನಸಮೂಹಗಳ ಸರಾಸರಿಯನ್ನು ತಿಳಿಯಲು ಕಂಡುಕೊಂಡದ್ದು. 1972ರಲ್ಲಿ ಆಂಸೆಲ್ ಕೀಸರು ಐದು ದೇಶಗಳ ಗಂಡಸರ ಅಳತೆಗಳನ್ನು ಆಧರಿಸಿ ಅದಕ್ಕೆ ಈಗಿನ ಹೆಸರನ್ನು ಕೊಟ್ಟರು. ಆ ಐದರಲ್ಲಿ ಭಾರತ ಇಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. 25ಕ್ಕೆ ಅಧಿಕ ತೂಕ, 30ಕ್ಕೆ ಸ್ಥೂಲತೆ ಎಂಬ ಗೆರೆಗಳು ಏಷ್ಯದವರಿಗೆ ಸರಿಹೊಂದಲಾರವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ 23 ಮತ್ತು 27.5ನ್ನು ಸೂಚಿಸಿದರು; 2009ರಲ್ಲಿ ನಮ್ಮ ದೇಶದ ವೈದ್ಯರು 23 ಮತ್ತು 25 ಎಂದು ಇನ್ನೂ ಕೆಳಗೆ ಇಳಿಸಿದರು. ಗೆರೆಯನ್ನು ಎಳೆಯುವ ಜಾಗವನ್ನು ಬದಲಾಯಿಸಿದರೆ ಒಬ್ಬನೇ ಮನುಷ್ಯನು ಬೆಳಗಿನ ಪ್ರಬಂಧದಲ್ಲಿ ಅಧಿಕ ತೂಕದವನೂ ಸಂಜೆಯ ಪ್ರಬಂಧದಲ್ಲಿ ಸ್ಥೂಲಕಾಯನೂ ಆಗುತ್ತಾನೆ. ಇದೇ 2004ರಲ್ಲಿ ಪುಣೆಯ ಡಾ. ಯಾಜ್ಞಿಕರೂ ಲಂಡನ್ನಿನ ಡಾ. ಯಡ್ಕಿನ್ನರೂ ತಮ್ಮಿಬ್ಬರ ಮೈಯನ್ನೇ ಅಳೆದು ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3, ಯಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ 21.2. ಪುಟಗಟ್ಟಲೆ ಕೋಷ್ಟಕಗಳು ಹೇಳಲಾರದ್ದನ್ನು ಆ ಒಂದು ಚಿತ್ರ ಹೇಳಿತು. ಮೆಂಫಿಸ್ಸಿಗಿಂತ ಪುಣೆ ನಮಗೆ ಹತ್ತಿರ. ನಮ್ಮ ಸಂಶೋಧಕರು ಉದ್ಧರಿಸುವುದು ಮಾತ್ರ ಹೆಚ್ಚಾಗಿ ಮೆಂಫಿಸ್ಸನ್ನು.

ಅರ್ಬುದರೋಗದಿಂದ ಪಾರಾದವರ ವಿಷಯದಲ್ಲಿ ಈ ಸೂಚ್ಯಂಕದ ದೋಷ ಇನ್ನೂ ಹೆಚ್ಚು. ತಲೆಗೂ ಬೆನ್ನೆಲುಬಿಗೂ ವಿಕಿರಣ ತಗಲಿದವರ ಎತ್ತರವೇ ಕುಂಠಿತವಾಗಿರುತ್ತದೆ. ಕುಂಠಿತವಾದ ಎತ್ತರದ ವರ್ಗದಿಂದ ಭಾಗಿಸಿದ ಫಲವನ್ನು ಬೆಳೆದವರ ಫಲದೊಡನೆ ಹೋಲಿಸುವುದು ಹೇಗೆ? ಎಲುಬಿನ ಅರ್ಬುದದಿಂದ ಕಾಲು ಕಳೆದುಕೊಂಡವರನ್ನು ಯಾವ ಸಾಲಿನಲ್ಲಿ ಬರೆಯಬೇಕು? ಇನ್ನೊಂದು ವಿಚಿತ್ರವೂ ಉಂಟು. ಹೊಟ್ಟೆಯಲ್ಲಿ ದೊಡ್ಡ ಗಡ್ಡೆಯಿರುವ ಮಗುವನ್ನು ತೂಗಿದರೆ ಗಡ್ಡೆಯೂ ತೂಕದಲ್ಲಿ ಸೇರುತ್ತದೆ. ರೋಗವೇ ಪೋಷಣೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಅದಕ್ಕಾಗಿಯೇ ಬಲ್ಲ ವೈದ್ಯರು ತಕ್ಕಡಿಯ ಜೊತೆಗೆ ತೋಳಿನ ಸುತ್ತಳತೆಯನ್ನೂ ನೋಡುತ್ತಾರೆ. ಮೇಲಾಗಿ, ತೂಕ ಕಡಿಮೆಯಿದ್ದೂ ಸ್ನಾಯು ಸವೆದು ಕೊಬ್ಬು ಹೆಚ್ಚಿರುವುದು ಇವರಲ್ಲಿ ಸಾಧ್ಯ. ಮುಂಬಯಿಯ 62.7ರಲ್ಲಿ, ಅಷ್ಟೇಕೆ, 28.8ರಲ್ಲಿಯೂ ಅಂಥವರು ಎಷ್ಟು ಮಂದಿ ಎಂಬುದನ್ನು ತಕ್ಕಡಿಯೊಂದೇ ಹೇಳಲಾರದು.

ಓಫಿಂಗರರ ಪ್ರಬಂಧದಿಂದ ನಾವು ಕಲಿಯಬೇಕಾದುದು ಒಡಹುಟ್ಟಿದವರೊಡನೆ ಹೋಲಿಸುವ ವಿಧಾನವನ್ನು. ಒಂದೇ ಒಲೆ, ಒಂದೇ ಜೋಳದ ರೊಟ್ಟಿ, ಒಂದೇ ನೀರು. ಹಾನಗಲ್ಲಿನ ಭತ್ತದ ಸೀಮೆಗೂ ಸವಣೂರಿನ ಎರೆಹೊಲದ ಸೀಮೆಗೂ ಉಣ್ಣುವ ಅನ್ನದಲ್ಲಿ ಇರುವ ಭೇದವು ಈ ವಿಧಾನದಿಂದ ತಾನಾಗಿ ಕಳಚಿಹೋಗುತ್ತದೆ. ಆದರೆ ಇಲ್ಲಿಯೂ ಎಚ್ಚರಿಕೆ ಅವಶ್ಯ. ಅಮೆರಿಕದ ಅಣ್ಣನು ತಮ್ಮನ ರೋಗದಿಂದ ದುಃಖಪಟ್ಟಿರಬಹುದು. ನಮ್ಮ ಅಣ್ಣನು ಉಪವಾಸವನ್ನೂ ಪಟ್ಟಿರುತ್ತಾನೆ. ತಾಯಿ ತಂದೆ ಒಂದು ಮಗುವನ್ನು ಎತ್ತಿಕೊಂಡು ಮುನ್ನೂರು ಕಿಲೋಮೀಟರಿಗೂ ಮಿಕ್ಕ ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಕುಳಿತಾಗ, ಹೊಲ ಒತ್ತೆಬಿದ್ದಾಗ, ಉಳಿದ ಮಕ್ಕಳು ಅಜ್ಜಿಯ ಕೈಯಲ್ಲಿ ಏನುಂಡರು? ಮರಳಿ ಬಂದ ಮೇಲೆ ಮನೆಯ ಹಾಲು, ತತ್ತಿ, ತುಪ್ಪ ಯಾರ ತಟ್ಟೆಗೆ ಬಿದ್ದಿತು? ರೋಗಿಯ ಒಡಹುಟ್ಟಿದವನು ಇಲ್ಲಿ ತಟಸ್ಥ ಸಾಕ್ಷಿಯಲ್ಲ. ಅವನ ಕೃಶತೆಯೂ ಅದೇ ರೋಗದ ಫಲವಾಗಿರಬಹುದು. ಹೀಗಾಗಿ ಮನೆಯೊಳಗಿನ ಹೋಲಿಕೆಯ ಜೊತೆಗೆ ಅದೇ ಓಣಿಯ ಇನ್ನೊಂದು ಮನೆಯ ಹೋಲಿಕೆಯೂ ಬೇಕೆಂದು ನಾನು ಭಾವಿಸುತ್ತೇನೆ.

“ಮೈ ತುಂಬಿ ಬಂದಾನ” ಎಂಬ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. 1872ರ ಗಣತಿಗೂ 1881ರ ಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಕುಗ್ಗಿತೆಂಬುದನ್ನು ಬಲ್ಲವನು ಹಾಗೆ ತಳ್ಳಲಾರ. ಮೈಯ ಮೇಲಿನ ಮಾಂಸವು ಮುಂದಿನ ಬರಗಾಲಕ್ಕೆ ಕೂಡಿಟ್ಟ ಗಂಟು ಎಂದು ಈ ಸೀಮೆಯ ಜನ ತಿಳಿದಿದ್ದರೆ ಅದಕ್ಕೆ ಆಧಾರ ಉಂಟು. ಗರಡಿಮನೆಯ ಪೈಲವಾನನನ್ನು ಗೌರವಿಸಿದ ಊರುಗಳಿವು. ಆದರೆ ಸೊಂಟದಲ್ಲಿ ಕೂಡುವ ಕೊಬ್ಬು, ಸಕ್ಕರೆ ರೋಗ, ಹೃದಯರೋಗ ಇವುಗಳಿಗೆ ಇರುವ ಸಂಬಂಧವನ್ನು ಆ ತಾಯಿಗೆ ಯಾರೂ ತಿಳಿಸಿ ಹೇಳಿಲ್ಲ. ಪ್ರಬಂಧಗಳು ಹೆಚ್ಚು ತೂಕವನ್ನು ಚಿಕಿತ್ಸೆಯ ಅಪಾಯವೆಂದು ಎಣಿಸುತ್ತವೆ. ಮನೆಯವರು ಅದನ್ನೇ ಚಿಕಿತ್ಸೆಯ ಜಯವೆಂದು ಎಣಿಸುತ್ತಾರೆ. ನಾನು ಓದಿದ ಪ್ರಬಂಧಗಳಲ್ಲಿ ಯಾವುದೂ ಮನೆಯವರ ಎಣಿಕೆಯನ್ನು ವಿಚಾರಿಸಿಲ್ಲ. ಹೀಗಿರುವಾಗ ವೈದ್ಯರ ಪಥ್ಯವು ಊಟದ ತಟ್ಟೆಯವರೆಗೆ ತಲುಪುವುದೆಂದು ನಿರೀಕ್ಷಿಸುವುದು ಕಷ್ಟ.

ಆಸ್ಪತ್ರೆಯ ಕಡತವನ್ನು ಆಧರಿಸಿದ ಬರವಣಿಗೆಗೆ ಸಹಜವಾದ ಇನ್ನೊಂದು ಕೊರತೆ, ಬಾರದೆ ಹೋದವರದು. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಪ್ರಯಾಣದ ಖರ್ಚು ಹಾಕಿಕೊಂಡು ಬರುವವರು ಯಾರು? ದೂರದ ಹಳ್ಳಿಯವರು ಮೊದಲು ಜಾರುತ್ತಾರೆ. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಅವರಿಗಿಂತ ಮೊದಲು. ಹಳೆಯ ರೋಗದ ಸುದ್ದಿ ಬೀಗರ ಕಿವಿಗೆ ಬೀಳದಿರಲೆಂದು ಕಡತವನ್ನೇ ಮನೆಯವರು ಮುಚ್ಚಿಡುತ್ತಾರೆ. ಸ್ಥೂಲತೆಯ ಅಪಾಯ ಎಲ್ಲರಿಗಿಂತ ಹೆಚ್ಚಾಗಿರುವುದು ಚಿಕ್ಕಂದಿನಲ್ಲಿ ವಿಕಿರಣ ಪಡೆದ ಹೆಣ್ಣುಮಕ್ಕಳಿಗೆ ಎಂದು 2003ರ ಪ್ರಬಂಧ ಹೇಳಿತು. ನಮ್ಮ ದಾಖಲೆಯಿಂದ ಮೊದಲು ಮಾಯವಾಗುವವರೂ ಅವರೇ ಆಗಿದ್ದರೆ, ಸ್ಥೂಲಕಾಯರು ಒಬ್ಬರೂ ಇಲ್ಲವೆಂಬ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬುವುದು?

ಈ ನಾಲ್ಕು ತಾಲೂಕುಗಳ ಮಟ್ಟಿಗೆ ಬಾರದವರನ್ನು ಎಣಿಸುವ ಸಾಧನವೇ ದುರ್ಬಲ. ಜನಸಂಖ್ಯೆಯನ್ನು ಆಧರಿಸಿದ ಅರ್ಬುದರೋಗದ ನೋಂದಣಿ 1982ರ ಜನವರಿ 1ರಿಂದ ಬೆಂಗಳೂರು, ಮದರಾಸುಗಳಲ್ಲಿ ಮೊದಲಾಯಿತು. ಬೆಂಗಳೂರಿನ ನೋಂದಣಿಯನ್ನು ಕಿದ್ವಾಯಿ ಸ್ಮಾರಕ ಸಂಸ್ಥೆ ನಡೆಸಿಕೊಂಡು ಬಂದಿದೆ. ಅದರ ವ್ಯಾಪ್ತಿ ಬೆಂಗಳೂರಿನದು, ಹಾವೇರಿಯದಲ್ಲ. ಹಳ್ಳಿಗಾಡಿನಲ್ಲಿ ಇದು ಆಗದ ಕೆಲಸವೇನೂ ಅಲ್ಲ. ನಮ್ಮಂತೆಯೇ ಜೋಳ ಉಣ್ಣುವ ಮಹಾರಾಷ್ಟ್ರದ ಬಾರ್ಶಿ ಸೀಮೆಯಲ್ಲಿ 1987ರಿಂದ ಊರೂರು ತಿರುಗಿ ಅದನ್ನು ನಡೆಸಿದ್ದಾರೆ. ಬ್ರಿಟಿಷರ ಕಾಲದ ಶಿಗ್ಗಾವಿಯ ಕಾಗದಗಳನ್ನು ಬಂಕಾಪುರ ತಾಲೂಕಿನ ಹೆಸರಿನಲ್ಲಿಯೂ ಹಿರೇಕೆರೂರಿನವನ್ನು ಕೋಡ ತಾಲೂಕಿನ ಹೆಸರಿನಲ್ಲಿಯೂ ಹುಡುಕಬೇಕು, ಸವಣೂರಿನವು ನವಾಬರ ಸಂಸ್ಥಾನಕ್ಕೆ ಸೇರಿದವು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಹಾಗೆಯೇ ಇಲ್ಲಿಯ ಒಂದು ಮಗುವಿನ ರೋಗದ ವೃತ್ತಾಂತವು ಹುಬ್ಬಳ್ಳಿ, ದಾವಣಗೆರೆ, ಮಣಿಪಾಲ, ಬೆಂಗಳೂರು ಎಂದು ಬೇರೆ ಬೇರೆ ಊರುಗಳ ಕಡತಗಳಲ್ಲಿ ತುಂಡುತುಂಡಾಗಿ ಬಿದ್ದಿರುತ್ತದೆ.

ಮುಂಬಯಿಯ ಲೇಖಕರು ಇಲ್ಲವೆಂದು ಕೊರಗಿದ ರೋಗಪೂರ್ವದ ತೂಕವು ಮಾತ್ರ ನಮ್ಮ ಹಳ್ಳಿಗಳಲ್ಲಿ ಇದ್ದಿತು. ಅದನ್ನು ಯಾರೂ ಕೇಳಲಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಟಿ. ನರಸೀಪುರವನ್ನು, ಕ್ರಮೇಣ ಅಂಗನವಾಡಿ ಎಲ್ಲ ತಾಲೂಕುಗಳಿಗೂ ಬಂದಿತು. ಆರು ವರ್ಷದೊಳಗಿನ ಮಕ್ಕಳನ್ನು ತೂಗಿ ಪುಸ್ತಕದಲ್ಲಿ ಬರೆಯುವುದು ಅಲ್ಲಿಯ ಕಾರ್ಯಕರ್ತೆಯರ ಕೆಲಸ. ರಕ್ತದ ಅರ್ಬುದವು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಎರಡರಿಂದ ಐದು ವರ್ಷದ ಮಕ್ಕಳಲ್ಲಿಯೇ. ರೋಗ ತಗಲುವ ಮುಂಚಿನ ತೂಕ, ಅದೇ ತಿಂಗಳು ಅದೇ ತಕ್ಕಡಿಯಲ್ಲಿ ತೂಗಿದ ಓಣಿಯ ಇತರ ಮಕ್ಕಳ ತೂಕ, ಎರಡೂ ಒಂದೇ ಪುಟದಲ್ಲಿ. ತಕ್ಕಡಿಗಳು ಒರಟಾಗಿದ್ದುವೆಂಬುದೂ ಕೆಲವು ಅಂಕಿಗಳು ಮನೆಯಲ್ಲಿ ಕುಳಿತು ತುಂಬಿದವೆಂಬುದೂ ನನಗೆ ಗೊತ್ತು. ಕುಲಕರ್ಣಿಯ ದಫ್ತರವೂ ಅಂಥದೇ, ಆದರೂ ಅದನ್ನು ಬಿಟ್ಟು ನಾವು ಗ್ರಾಮದ ಇತಿಹಾಸವನ್ನು ಬರೆಯುವುದಿಲ್ಲ. 2021ರಿಂದ ಈ ಲೆಕ್ಕವನ್ನು ಮೊಬೈಲ್ ಫೋನಿನಲ್ಲಿ ಬರೆಯುವ ಪದ್ಧತಿ ಬಂದಿರುವುದರಿಂದ ಹಳೆಯ ಪುಸ್ತಕಗಳನ್ನು ಇಟ್ಟುಕೊಳ್ಳುವ ಗರಜು ಯಾರಿಗೂ ಉಳಿದಿಲ್ಲ.

ಆ ವಿದ್ಯಾರ್ಥಿಯೊಡನೆ ಅವನ ಊರಿಗೆ ಹೋಗಿ ವಿಚಾರಿಸಿದೆ. ಎರಡು ಕಟ್ಟು ರದ್ದಿಗೆ ಹೋಗಿದ್ದುವು. ಮೂರನೆಯದು ಕಾಳಿನ ಚೀಲಗಳ ಕೆಳಗೆ ಇದ್ದಿತು. ಅಂಚನ್ನು ಗೆದ್ದಲು ತಿಂದಿತ್ತು. ಅವನ ಹೆಸರಿನ ಮುಂದೆ ನಾಲ್ಕು ವರ್ಷ ತುಂಬುವವರೆಗಿನ ಹತ್ತೊಂಬತ್ತು ತೂಕಗಳು ಓದಲು ಬರುತ್ತವೆ, ಅವನ ಅಣ್ಣನವು ಹನ್ನೊಂದು. ಕಾರ್ಯಕರ್ತೆಯ ಅನುಮತಿ ಪ‌ಡೆದು ಎರಡು ಪುಟಗಳ ಛಾಯಾಚಿತ್ರ ತೆಗೆದುಕೊಂಡೆವು. ಹೆಸರುಗಳನ್ನು ಮರೆಮಾಡಿದ ಒಂದು ಪ್ರತಿಯನ್ನು ವಿಭಾಗದ ಗ್ರಂಥಾಲಯದಲ್ಲಿ ಇರಿಸಿದ್ದೇನೆ. ಇನ್ನೊಂದು ಪ್ರತಿಯನ್ನು ವಿದ್ಯಾರ್ಥಿಯು ತನ್ನ ಆಸ್ಪತ್ರೆಯ ಕಡತಕ್ಕೆ ಸೇರಿಸಿಕೊಂಡು, ಬರುವ ರಜೆಯಲ್ಲಿ ಅದನ್ನು ವೈದ್ಯರಿಗೆ ತೋರಿಸುವುದಾಗಿ ಹೇಳಿದ್ದಾನೆ.